ಕುಕ್ಕರಿನಲ್ಲಿ ಬೆಂದ ರಬ್ಬರ್ ಹುಳು

ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದರೆ ಊರಿಗೆಲ್ಲ ಹಸಿವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಮದ್ರಾಸಿನ ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ಪೂಂಡು ರಸಂ ಪ್ರಿಯರು. ಪೂಂಡು ಎಂದರೆ ಇಲ್ಲಿಯವರ ಬಾಯಲ್ಲಿ ಬೆಳ್ಳುಳ್ಳಿ. ಸಂಜೆ ಏಳಾಗುತ್ತಲೇ ಅದರ ಘಾಟು ಮೆಟ್ಟಿಲು ಹತ್ತಿ ಬರುತ್ತದೆ. ನಾನು ಎದ್ದು ಕಿಟಕಿಯನ್ನು ದಡಾರನೆ ಹಾಕುತ್ತೇನೆ. ಮಡಿವಂತಿಕೆ ಎಂದು ಅವರು ತಿಳಿದುಕೊಂಡಿದ್ದಾರೆ, ತಿಳಿದುಕೊಳ್ಳಲಿ. ನಿಜವಾದ ಕಾರಣ ಹೇಳಲು ಹೋದರೆ ಆ ಸಂಭಾವಿತರು ಮನೆ ಬದಲಾಯಿಸಿಯಾರು.

ನಿಮಗೆ ಹೇಳುತ್ತೇನೆ. ನೀವೇನೂ ನನ್ನ ಕೆಳಗಿನ ಮನೆಯಲ್ಲಿಲ್ಲವಲ್ಲ.

ನಾವು ಕುಂದಾಪುರದ ಕಡೆಯವರು. ಅಪ್ಪಯ್ಯ ಮದ್ರಾಸಿಗೆ ಬಂದು ಪಲ್ಲಾವರಂನಲ್ಲಿ ಇಡ್ಲಿ, ವಡೆ, ಕಾಫಿಯ ಹೋಟೆಲು ಹಾಕಿದರು. ಈಗ ಅದರ ಗಲ್ಲಾದ ಮೇಲೆ ಕೂರುವವನು ನಾನು. ಹೋಟೆಲಿನ ಈರುಳ್ಳಿ ಸಾಂಬಾರಿಗೆ ದೂರದಿಂದ ಜನ ಬರುತ್ತಾರೆ, ಆದರೆ ಮನೆಯಲ್ಲಿ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯಂತೂ ಕೇಳಲೇಬೇಡಿ. ಇಂಥ ಮನೆಯ ಹುಡುಗನಿಗೆ ಮೀನು ಹಿಡಿಯುವ ಹುಚ್ಚು ಹತ್ತಿದರೆ ಏನಾಗಬೇಕೋ ಅದು ನನಗೆ ಹತ್ತನೆಯ ವಯಸ್ಸಿನಲ್ಲೇ ಆಯಿತು. ಕೆರೆ ದಂಡೆಯಲ್ಲಿ ಎರೆಹುಳ ಸಿಕ್ಕಿಸಿದ ಗಾಳ ಹಿಡಿದು ಕೂತಿದ್ದವನನ್ನು ಅಪ್ಪಯ್ಯ ಕಿವಿ ಹಿಡಿದು ಮನೆಗೆ ತಂದರು. ಹೊಸಲಿನಾಚೆ ನಿಲ್ಲಿಸಿ ಬಟ್ಟೆ ಸಮೇತ ತಲೆಯ ಮೇಲೆ ಆರು ಬಕೆಟ್ ನೀರು ಸುರಿದರು. ಒಂದು ಮಾತಾಡಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಆರು ಬಕೆಟ್ಟಿನ ಸಿಟ್ಟು ಇಂದಿಗೂ ಆರಿಲ್ಲ.

ನಲವತ್ತು ದಾಟಿದ ಮೇಲೆ ಒಂದು ಶುಕ್ರವಾರ ಪಲ್ಲಾವರಂ ಸಂತೆಗೆ ಹೋಗಿದ್ದೆ. ಆ ಸಂತೆಯಲ್ಲಿ ಹಳೆಯ ಫ್ಯಾನಿನಿಂದ ಹಿಡಿದು ಒಂಟಿ ಚಪ್ಪಲಿಯವರೆಗೆ ಏನು ಬೇಕಾದರೂ ಸಿಗುತ್ತದೆ. ನಾನು ಹೋದದ್ದು ಹಿಟ್ಟು ರುಬ್ಬುವ ಯಂತ್ರದ ಒಂದು ಬಿಡಿಭಾಗಕ್ಕೆ, ತಂದದ್ದು ತುಕ್ಕು ಹಿಡಿದ ರೀಲು, ಒಂದು ಗಾಳದ ಕೋಲು. ಜೊತೆಗೆ ಮಾರುವವನು ಪುಕ್ಕಟೆಯಾಗಿ ಒಂದು ಪೊಟ್ಟಣ ಮೆತ್ತನೆಯ ರಬ್ಬರ್ ಹುಳುಗಳನ್ನೂ ಕೊಟ್ಟ. ಲ್ಯೂರ್ ಎನ್ನುತ್ತಾರೆ ಇವಕ್ಕೆ. ಬಾಲ ಸುರುಳಿ, ಮೈ ಜಿಬುಜಿಬು. ನೀರಿಗೆ ಬಿಟ್ಟು ಮೆಲ್ಲಗೆ ಎಳೆದರೆ ಬಾಲ ಜೀವ ಬಂದಂತೆ ಆಡುತ್ತದೆ, ಮೀನು ಮೋಸ ಹೋಗುತ್ತದೆ. ಅವನ್ನು ಅಂಗೈಯಲ್ಲಿಟ್ಟುಕೊಂಡು ಸಂತೆಯ ನಡುವೆ ನಿಂತವನಿಗೆ ಅಪ್ಪಯ್ಯನನ್ನು ಗೆಲ್ಲುವ ದಾರಿ ಹೊಳೆಯಿತು. ಹುಳ ರಬ್ಬರಿನದು, ಸಾಯುವುದಿಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟರೆ ಅದೂ ಸಾಯುವುದಿಲ್ಲ. ಸಾಯುವುದು ನನ್ನ ಸೋಮವಾರ ಮಾತ್ರ, ಹೋಟೆಲಿಗೆ ಅಂದು ರಜೆ.

ಹೀಗೆ ಶುರುವಾಯಿತು. ಲ್ಯೂರ್ ಆರಿಸುವುದನ್ನು ನಾನು ಮೊದಲು ಕಲಿಯಲು ಹೊರಟದ್ದು ಯೂಟ್ಯೂಬಿನಿಂದ. ಅಲ್ಲಿಯ ಮಹನೀಯರ ವಿಷಯ ಎತ್ತಿದರೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಎಲ್ಲೋ ಕನ್ನಡಿಯಂಥ ನೀರಿನ ಸರೋವರದಲ್ಲಿ, ಬಿಳಿ ದೋಣಿಯಲ್ಲಿ ಕೂತು, ಅಂಗೈಯಗಲದ ಕ್ರಾಪಿ ಎಂಬ ಮೀನು ಹಿಡಿಯುತ್ತಾ, ತಿಳಿ ನೀರಿಗೆ ತಿಳಿ ಬಣ್ಣ, ಕದಡಿದ ನೀರಿಗೆ ಗಾಢ ಬಣ್ಣ, ಎರಡಿಂಚಿಗಿಂತ ಉದ್ದ ಬೇಡ ಎಂದು ನಗುನಗುತ್ತಾ ಹೇಳುತ್ತಾರೆ. ಮನೆ ಹತ್ತಿರದ ನಮ್ಮ ಕೆರೆಯ ನೀರಿನ ಬಣ್ಣ ಅವರ ಪಟ್ಟಿಯಲ್ಲೇ ಇಲ್ಲ. ಬೇಸಿಗೆಯಲ್ಲಿ ಹೆಸರುಬೇಳೆ ತೊಳೆದ ನೀರು, ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಬಿದ್ದ ಮೇಲೆ ಡಿಕಾಕ್ಷನ್, ನಡುವೆ ಒಂದಷ್ಟು ದಿನ ಯಾವ ಕಾರ್ಖಾನೆಯ ಕೃಪೆಯೋ ನೊರೆ. ನೀರೊಳಗೆ ಮುಳುಗಿದ ಜಾಲಿ ಮುಳ್ಳು, ಮೇಲೆ ಹಾಸಿದ ಅಂತರಗಂಗೆ, ಅದರ ಮೇಲೆ ಶಾಂಪೂ ಸ್ಯಾಷೆ, ಗುಟ್ಕಾ ಪೊಟ್ಟಣ, ಹೂಮಾಲೆ ಸಮೇತ ಎಸೆದ ದೇವರ ಪಟ. ಎಸೆದವರ ಕೈಗೆ ಹುಳ ಬೀಳಲಿ. ನಾನೊಂದು ರಬ್ಬರ್ ಹುಳ ಎಸೆದರೆ ನೋಡಲು ನಿಂತು ನಗುವ ಇದೇ ಜನ, ಬೈಕ್ ನಿಲ್ಲಿಸದೆಯೇ ಕಸದ ಚೀಲವನ್ನು ಎಷ್ಟು ದೂರ, ಎಷ್ಟು ಸೊಗಸಾಗಿ ಎಸೆಯುತ್ತಾರೆಂದರೆ, ನಾನು ಆ ಎಸೆತವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರೂ ಕಲಿಯಲಿಲ್ಲ.

ನನ್ನ ಎಸೆತ ನೋಡಿ ಬೇಸತ್ತವರೇ ದೊರೈರಾಜ್. ಪೆರಂಬೂರಿನವರು. ರೈಲು ಬೋಗಿ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು, ನನಗಿಂತ ಹದಿನೆಂಟು ವರ್ಷ ದೊಡ್ಡವರು. ಒಂದು ಸೋಮವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಬೀಡಿ ಸೇದುತ್ತಾ ನನ್ನನ್ನು ಅರ್ಧ ಗಂಟೆ ನೋಡಿದರು. ಆಮೇಲೆ ಎದ್ದು ಬಂದರು.

"ಸಾಮಿ, ನೀವು ಮೀನು ಹಿಡೀತಾ ಇದ್ದೀರೋ, ಬಟ್ಟೆ ಒಗೀತಾ ಇದ್ದೀರೋ?" ಎಂದು ತಮಿಳಿನಲ್ಲಿ ಕೇಳಿದರು. ಅವರ ಮಾತೆಲ್ಲ ತಮಿಳೇ, ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. 'ಸಾಮಿ' ಎಂಬುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನನ್ನ ಜನಿವಾರ ಅಂಗಿಯ ಕುತ್ತಿಗೆಯಲ್ಲಿ ಇಣುಕುತ್ತಿದ್ದುದನ್ನು ನೋಡಿದ್ದರು, ಅವತ್ತಿನಿಂದ ನಾನು ಸಾಮಿ.

ಎಸೆಯುವುದು ಭುಜದಿಂದಲ್ಲ, ಮಣಿಕಟ್ಟಿನಿಂದ ಎಂದು ಕಲಿಸಿದವರು ಅವರು. ಹುಳುವನ್ನು ಗಾಳಕ್ಕೆ ಏರಿಸುವಾಗ ಒಂದು ಕೂದಲಿನಷ್ಟು ಸೊಟ್ಟಗಾದರೂ ಅದು ನೀರಿನಲ್ಲಿ ಬುಗುರಿಯಂತೆ ತಿರುಗುತ್ತದೆ, ತಿರುಗುವ ಹುಳುವನ್ನು ಯಾವ ಮೀನೂ ನಂಬುವುದಿಲ್ಲ. ಗಾಳದ ಮೊನೆಯನ್ನು ಹುಳುವಿನ ಹೊಟ್ಟೆಯೊಳಗೇ ಮುಚ್ಚಿಡಬೇಕು, ಆಗ ಮುಳ್ಳಿಗೆ ಸಿಕ್ಕುವುದಿಲ್ಲ. ಎಸೆದ ಮೇಲೆ ಸುಮ್ಮನಿರಬೇಕು. ಈ ಕೊನೆಯದು ನನಗೆ ಇಂದಿಗೂ ಬಂದಿಲ್ಲ. ನಾನು ಗಲ್ಲಾದ ಮೇಲೆ ಕೂತವನು, ಎರಡು ಕ್ಷಣ ಸುಮ್ಮನಿದ್ದರೆ ಯಾರೋ ದುಡ್ಡು ಕೊಡದೆ ಹೋಗುತ್ತಿದ್ದಾರೆ ಎಂದೇ ಅನಿಸುತ್ತದೆ. ಹುಳು ತಳ ಮುಟ್ಟುವ ಮೊದಲೇ ಎಳೆಯುತ್ತಿದ್ದೆ. ದೊರೈರಾಜ್ ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಅಂಗಡಿಯ ಲ್ಯೂರ್ ಕಂಡರೆ ಅವರಿಗೆ ತಾತ್ಸಾರ. ಪ್ಲಾಸ್ಟರಿನ ಅಚ್ಚು ತಾವೇ ಕೆತ್ತಿ, ಮೆತ್ತನೆಯ ಪ್ಲಾಸ್ಟಿಕ್ಕನ್ನು ಹಳೆಯ ಪಾತ್ರೆಯಲ್ಲಿ ಕರಗಿಸಿ, ಬಣ್ಣ ಕಲಸಿ, ಅಚ್ಚಿಗೆ ಎರೆದು ಹುಳ ಮಾಡುತ್ತಿದ್ದರು. ಮಾಡಿದ ಮೇಲೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಲ್ಲಿ ನೆನೆಹಾಕುವರು. ರಬ್ಬರ್ ಎಂದು ತಿಳಿದ ಕೂಡಲೇ ಮೀನು ಉಗುಳುತ್ತದಂತೆ, ಬೆಳ್ಳುಳ್ಳಿಯ ರುಚಿಯಿದ್ದರೆ ಇನ್ನೊಂದು ಗಳಿಗೆ ಬಾಯಲ್ಲಿಟ್ಟುಕೊಳ್ಳುತ್ತದಂತೆ. ಆ ಒಂದು ಗಳಿಗೆಯೇ ನಮ್ಮದು ಎನ್ನುತ್ತಿದ್ದರು.

ಇಲ್ಲಿ ನಮ್ಮಮ್ಮ ಬರುತ್ತಾಳೆ. ಅಮ್ಮನಿಗೆ ಎಂಬತ್ತೆರಡು. ಮಗ ಮೀನಿಗೆ ಗಾಳ ಹಾಕುತ್ತಾನೆಂಬುದನ್ನು ಆಕೆ ಹೇಗೋ ನುಂಗಿಕೊಂಡಿದ್ದಳು, ರಬ್ಬರಲ್ಲವೇ, ಬಿಟ್ಟುಬಿಡುತ್ತಾನಲ್ಲವೇ ಎಂದು. ನುಂಗಲಾಗದ್ದು ಬೆಳ್ಳುಳ್ಳಿ. ಮೊದಲ ದಿನ ಡಬ್ಬಿಯ ಮುಚ್ಚಳ ತೆರೆದವಳೇ ಸೆರಗನ್ನು ಮೂಗಿಗೆ ಹಿಡಿದು, "ಎಂತ ಮಾರಾಯ, ಇದ್ರಗೆ ಬೆಳ್ಳುಳ್ಳಿ ನಾತ!" ಎಂದು ಕೂಗಿದಳು. ಮೀನು ಓಕೆ, ಬೆಳ್ಳುಳ್ಳಿ ಇಲ್ಲ. ಈ ನ್ಯಾಯ ಯಾವ ಶಾಸ್ತ್ರದಲ್ಲಿದೆಯೋ ನಾನು ಕೇಳಲಿಲ್ಲ. ಹೆಂಡತಿ ಜಾಣೆ, ಬಾಯಿ ಹಾಕಲಿಲ್ಲ. ಒಪ್ಪಂದವಾಯಿತು: ಡಬ್ಬಿ ಬಾಲ್ಕನಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ.

ಹನ್ನೊಂದು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಬೇಸಿಗೆಯಲ್ಲಿ ದೊರೈರಾಜ್ ಒಂದು ಬಣ್ಣದ ಹಿಂದೆ ಬಿದ್ದಿದ್ದರು. ಕೆರೆಯ ಮೋರಿಯ ಬಳಿ ಒಂದು ಭಾರೀ ವಿರಾಲ್ ಇದೆ ಎಂದು ಅವರ ನಂಬಿಕೆ. ವಿರಾಲ್ ಅಂದರೆ ಹಾವಿನ ತಲೆಯಂಥ ತಲೆಯ ಮೀನು, ಅಂತರಗಂಗೆಯ ಕೆಳಗೆ ಕಾದು ಕೂತು ಒಮ್ಮೆಲೇ ಎರಗುತ್ತದೆ. ಮಳೆಯ ಮೇಲೆ ಡಿಕಾಕ್ಷನ್ ಬಣ್ಣಕ್ಕೆ ಬರುವ ನೀರಿನಲ್ಲಿ ಅದಕ್ಕೆ ಕಾಣಬೇಕು, ಆದರೆ ಅನುಮಾನ ಬರಬಾರದು, ಅಂಥ ಬಣ್ಣ. ಕೊನೆಗೆ ಒಂಬತ್ತು ಹುಳ ಎರೆದು ತಂದು ನನ್ನ ಕೈಗಿಟ್ಟರು. ಕಂದು ಮೈ, ಬೆಳಕಿಗೆ ಹಿಡಿದರೆ ಒಳಗೆ ಹಸಿರು ಚುಕ್ಕೆ. "ನೀರು ಬಣ್ಣಕ್ಕೆ ಬಂದ ದಿನ ಎಸೀಬೇಕು ಸಾಮಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ."

ಅದಾಗಿ ವಾರದಲ್ಲೇ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು. ಇನ್ನು ಆ ಕೈ ಅಚ್ಚಿಗೆ ಎರೆಯುವುದಿಲ್ಲ ಎಂದು ಡಾಕ್ಟರು ಹೇಳುವುದೇ ಬೇಕಿರಲಿಲ್ಲ. ಮಳೆ ಶುರುವಾದ ಮೇಲೆ ಪ್ರತಿ ಸೋಮವಾರ ಫೋನಿನಲ್ಲಿ ಒಂದೇ ಪ್ರಶ್ನೆ: "ಎಸೆದ್ರಾ?" ನೀರು ಇನ್ನೂ ಬಣ್ಣಕ್ಕೆ ಬಂದಿಲ್ಲ ಎನ್ನುತ್ತಿದ್ದೆ. ಸುಳ್ಳು. ನೀರು ಬಣ್ಣಕ್ಕೆ ಬಂದು ಎರಡು ಸೋಮವಾರ ಕಳೆದಿದ್ದವು. ಆ ಒಂಬತ್ತನ್ನು ಮುಳ್ಳಿಗೆ ಸಿಕ್ಕಿಸಿ ಕಳೆದುಕೊಂಡರೆ ಹತ್ತನೆಯದು ಎಲ್ಲಿಂದ ತರಲಿ? ಅಂಗಡಿಯ ಹುಳ ಎಸೆದು ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಗಾಳಿಮಳೆ. ಆ ಒಂಬತ್ತು ಹುಳುಗಳಿದ್ದ ಡಬ್ಬಿ ನೆನೆಯಬಾರದೆಂದು ಬಾಲ್ಕನಿಯಿಂದ ತಂದು ಒಳಗಿಟ್ಟು ಹೋಟೆಲಿಗೆ ಹೋದೆ. ಮರುದಿನ ಅಪ್ಪಯ್ಯನ ತಿಥಿ. ಸಂಜೆ ಮನೆಗೆ ಬಂದರೆ ಕಾಲೇಜಿಗೆ ಹೋಗುವ ಮಗಳು ಬಾಗಿಲಲ್ಲೇ ನಿಂತು ನಗು ತಡೆಯುತ್ತಿದ್ದಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಪ್ಪಾ, ಪಾಟಿ ಉಂಗ ಪುಳುವೆ ವೇಗ ವೆಚ್ಚಿಟ್ಟಾಂಗ!" ಎಂದಳು. ಅಜ್ಜಿ ನಿಮ್ಮ ಹುಳ ಬೇಯಿಸಿಬಿಟ್ಟರು!

ಅಡುಗೆಮನೆಗೆ ಓಡಿದೆ. ಕಟ್ಟೆಯ ಮೇಲೆ ಹಳೆಯ ಕುಕ್ಕರ್. ಒಳಗೆ ಹುಣಸೆನೀರು, ಅದರಲ್ಲಿ ಒಂದು ಮುದ್ದೆ. ಒಂಬತ್ತು ಹುಳುಗಳೂ ಒಂದಾಗಿ, ಬಾಲ ಯಾವುದು ತಲೆ ಯಾವುದು ತಿಳಿಯದಂತೆ, ಬೆಂದ ಹಲಸಿನ ತೊಳೆಯ ಹಾಗೆ ಕೂತಿವೆ.

"ನಾಳಿಗೆ ಅಪ್ಪಯ್ಯನ ತಿಥಿ ಅಲ್ದಾ," ಎಂದಳು ಅಮ್ಮ, ಏನೋ ಉಪಕಾರ ಮಾಡಿದವಳಂತೆ. "ಮನಿ ತುಂಬ ಬೆಳ್ಳುಳ್ಳಿ ನಾತ. ಬಿಸಾಡುಕೆ ಮನ್ಸ್ ಬರ್ಲಿಲ್ಲೆ, ನಿಂದಲ್ದಾ. ಅದ್ಕೆ ಹುಣ್ಸಿಹಣ್ಣ್ ಹಾಕಿ ಬೇಯ್ಸ್ದೆ. ಈಗ ಮೂಸಿ ಕಾಣ್, ಎಂತ ನಾತವೂ ಇಲ್ಲೆ."

"ಎಷ್ಟ್ ವಿಸಿಲ್?" ಎಂದೆ. ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ. ಹೋಟೆಲಿನವನ ಬಾಯಿ.

"ಮೂರ್."

ಕಡಲೆಗೂ ಅಷ್ಟೇ ವಿಸಿಲ್. ನನ್ನ ಸಿಟ್ಟು ಹೊರಗೆ ಬಂತು ನೋಡಿ. ಐವತ್ತು ದಾಟಿದ ಗಂಡಸು ಎಂಬತ್ತೆರಡರ ತಾಯಿಯ ಮುಂದೆ ನಿಂತು ಕಿರುಚುವುದು ನೋಡಲು ಚೆನ್ನಾಗಿರುವುದಿಲ್ಲ, ಆದರೂ ಕಿರುಚಿದೆ. ನಿನ್ನ ಮಡಿಗೆ ಬೆಂಕಿ ಬೀಳಲಿ ಎಂದೆ. ಅಪ್ಪಯ್ಯ ಬದುಕಿದ್ದಾಗ ಆರು ಬಕೆಟ್ ಸುರಿದರು, ಸತ್ತ ಮೇಲೂ ಬಿಡಲಿಲ್ಲ ಎಂದೆ. ಅದು ಬರೀ ರಬ್ಬರಲ್ಲ, ಹನ್ನೊಂದು ವರ್ಷದ ಸ್ನೇಹಿತ ದೊರೈರಾಜ್ ಕೈಯಾರೆ ಮಾಡಿದ್ದು, ಆ ಕೈ ಈಗ ಬಿದ್ದುಹೋಗಿದೆ, ಇನ್ನು ಯಾರು ಮಾಡಿಕೊಡುತ್ತಾರೆ ಎಂದೆ.

ಅಮ್ಮ ಕುಕ್ಕರಿನ ಮುಚ್ಚಳ ಕೆಳಗಿಟ್ಟಳು. ಗಾಬರಿಯಾಗಲಿಲ್ಲ, ಅಳಲೂ ಇಲ್ಲ. ಸಿಟ್ಟಿನಲ್ಲಿ ನಾನು ಯಾರ ಮಗ ಎಂಬುದು ಅವತ್ತು ತಿಳಿಯಿತು.

"ಹನ್ನೊಂದ್ ವರ್ಷದ್ ದೋಸ್ತಿ ಅಂತಿ. ಆ ಹೆಸ್ರ್ ನಾನ್ ಕೇಂಡದ್ದೇ ಇವತ್ತ್. ಒಂದ್ ದಿನ ಮನಿಗ್ ಕರ್ಕಂಡ್ ಬಂದಿದ್ಯಾ? ಒಂದ್ ಲೋಟ ಕಾಫಿ ಕುಡಿಸಿದ್ಯಾ? ಕೈ ಬಿದ್ ಹೋಯಿತ್ ಅಂತ ಒಂದ್ ಮಾತ್ ಹೇಳಿದ್ಯಾ? ನಾನ್ ಬೇಯ್ಸದ್ದ್ ರಬ್ಬರ್. ನೀನ್ ಮಾಡದ್ದ್ ಎಂತ?"

ಕರೆದಿದ್ದರೆ ನೀನೇ ಬೇಡ ಎನ್ನುತ್ತಿದ್ದೆ ಎಂದು ಹೇಳಬಹುದಿತ್ತು. ಆದರೆ ನಾನು ಒಮ್ಮೆಯೂ ಕೇಳಿರಲಿಲ್ಲವಲ್ಲ. ಕೆರೆಯಿಂದ ನಮ್ಮ ಮನೆ ಹತ್ತು ನಿಮಿಷದ ದಾರಿ. ಹನ್ನೊಂದು ವರ್ಷ ನಾನು ಆ ಮನುಷ್ಯನನ್ನು ಮೂಲೆಯ ಟೀ ಅಂಗಡಿಯಿಂದಲೇ ಪೆರಂಬೂರಿನ ಬಸ್ಸು ಹತ್ತಿಸಿದ್ದೆ. ಬೀಡಿ, ಮೀನಿನ ವಾಸನೆ, ಅಮ್ಮ ಏನೆಂದಾಳು. ಹುಳದ ಡಬ್ಬಿಗೆ ಬಾಲ್ಕನಿಯವರೆಗಾದರೂ ಜಾಗ ಸಿಕ್ಕಿತ್ತು, ಮಾಡಿದವನಿಗೆ ಅಷ್ಟೂ ಇರಲಿಲ್ಲ. ಅವರೂ ಒಮ್ಮೆಯೂ ಕೇಳಿರಲಿಲ್ಲ. ಕೇಳದೆ ಇದ್ದುದಕ್ಕೆ ಅವರ ಮೇಲೂ ಸಿಟ್ಟು ಬಂತು. ಯಾರ ಮೇಲೆ ಬರಲಿಲ್ಲ ಕೇಳಿ.

ಮರುದಿನ ತಿಥಿಯ ಊಟ ಮುಗಿದದ್ದೇ ಆ ಮುದ್ದೆಯನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಪೆರಂಬೂರಿಗೆ ಹೊರಟೆ. ಅಮ್ಮ ಇನ್ನೊಂದು ಡಬ್ಬಿಯಲ್ಲಿ ವಡೆ ತುಂಬಿ ಕೊಟ್ಟು, "ಅವ್ರಿಗ್ ಬಪ್ಪುಕೆ ಹೇಳ್. ಮನಿ ಒಳ್ಗೆ," ಎಂದಳು.

ದೊರೈರಾಜ್ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಮೂರು ವಿಸಿಲ್ ಸಮೇತ. ಅವರು ಎಡಗೈಯಲ್ಲಿ ಮುದ್ದೆಯನ್ನು ಹಿಸುಕಿದರು, ಮೂಸಿದರು. ಅಮ್ಮನಿಗೆ ಎರಡು ಮಾತು ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಅವರು ಬೈದದ್ದು ನನ್ನನ್ನು.

"ಮಳೆ ಬಿದ್ದು... ಮೂರು ವಾರ ಆಯ್ತು," ಎಂದರು, ಒಂದೊಂದೇ ಪದ ಎಳೆದು. "ನೀರು ಬಣ್ಣಕ್ಕೆ ಬಂದಿರಲಿಲ್ವಾ? ನನಗೇ ಸುಳ್ಳಾ ಸಾಮಿ? ಎಸೆಯೋಕೆ ಮಾಡಿದ್ದು. ಇಟ್ಟು ಪೂಜೆ ಮಾಡೋಕಾ?"

ಅಮ್ಮ ಮನೆಗೆ ಕರೆದಿದ್ದಾಳೆ ಎಂದೆ, ಅದನ್ನಾದರೂ ಹೇಳಿ ತಪ್ಪಿಸಿಕೊಳ್ಳೋಣವೆಂದು.

"ಹನ್ನೊಂದು ವರ್ಷಕ್ಕೆ... ಈಗ ಮನೆ ನೆನಪಾಯ್ತಾ?"

ಕ್ಷಮಿಸಿ ಎಂದೆ. ಅವರು ಗೋಡೆ ನೋಡಿದರು. ಆಮೇಲೆ ಎಡಗೈಯಲ್ಲಿ ಮಂಚದ ಕೆಳಗೆ ತೋರಿಸಿದರು. ಅಲ್ಲಿ ಗೋಣಿಚೀಲದಲ್ಲಿ ಅಚ್ಚುಗಳು, ಕರಿ ಹಿಡಿದ ಪಾತ್ರೆ. ಕರಗಿಸಿ ಮತ್ತೆ ಎರೆಯಬಹುದಂತೆ. ಎರೆಯಬೇಕಾದವನು ನಾನು.

ಮುದ್ದೆಯನ್ನು ಒರೆಸಿ, ಕತ್ತರಿಸಿ, ಫ್ಯಾನಿನ ಕೆಳಗೆ ಆರಿಸಿದೆ. ಒಳಗೆ ನೀರಿದ್ದರೆ ಸಿಡಿಯುತ್ತದೆ. ಅವರ ಹೆಂಡತಿ ಹಿತ್ತಲಲ್ಲಿ ಒಲೆ ಹಚ್ಚಿಕೊಟ್ಟರು. ಜೀವನವಿಡೀ ಹೋಟೆಲಿನಲ್ಲಿ ಹಿಟ್ಟು ಎರೆಯುವುದನ್ನು ನೋಡಿದವನು, ಇದೇನು ಮಹಾ ಎಂದುಕೊಂಡೆ. ಅಚ್ಚಿಗೆ ನೂಲಿನಂಥ ಧಾರೆ ಬೀಳಬೇಕು, ನಡುವೆ ನಿಲ್ಲಬಾರದು, ನಿಂತರೆ ಅಲ್ಲೇ ಗೀರು, ಎಳೆದಾಗ ಹುಳ ಅಲ್ಲೇ ಹರಿಯುತ್ತದೆ. ಮೊದಲನೆಯದು ಗುಳ್ಳೆ. ಎರಡನೆಯದಕ್ಕೆ ಬಾಲವೇ ಇಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂತ ದೊರೈರಾಜ್ ಒಂದೊಂದಕ್ಕೂ ಬೈದರು. ಬಲಗೈ ಅವರ ತೊಡೆಯ ಮೇಲೆ ಯಾರೋ ಇಟ್ಟುಹೋದ ಸಾಮಾನಿನಂತೆ ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ನನ್ನ ಧಾರೆ ತುಂಡಾಯಿತು, ಗೀರು ಬಿತ್ತು. ಕೆಟ್ಟವನ್ನು ಮತ್ತೆ ಮತ್ತೆ ಕರಗಿಸಿ ಪ್ಲಾಸ್ಟಿಕ್ಕೆಲ್ಲ ಕರಕಲಾಗಿ, ಸಂಜೆಯ ಹೊತ್ತಿಗೆ ಮೀನಿಗೆ ತೋರಿಸುವಂಥವು ಮೂರು ಉಳಿದವು. ಅವನ್ನೂ ಮತ್ತೆ ಎಣ್ಣೆಗೆ ಹಾಕಿದೆವು.

ಮುಂದಿನ ಸೋಮವಾರ ಬೆಳಿಗ್ಗೆ ಅವರನ್ನು ಆಟೋದಲ್ಲಿ ಕೆರೆಗೆ ಕರೆತಂದೆ. ಏರಿಯ ಮೇಲೆ, ಮೋರಿಗೆ ಎದುರಾಗಿ ಆಟೋ ನಿಲ್ಲಿಸಿದೆವು. ಅವರು ಹಿಂದಿನ ಸೀಟಿನಿಂದ ಕತ್ತು ಚಾಚಿ ನೋಡುತ್ತಿದ್ದರು. ನೀರು ಸರಿಯಾಗಿ ಡಿಕಾಕ್ಷನ್.

ಮೊದಲನೆಯ ಹುಳವನ್ನು ನೆಟ್ಟಗೆ ಏರಿಸಿ, ಮಣಿಕಟ್ಟಿನಿಂದಲೇ ಎಸೆದೆ. ಅಂತರಗಂಗೆಯ ಅಂಚಿಗೆ ಬಿತ್ತು. ಎರಡನೆಯ ಎಳೆತಕ್ಕೆ ಜಾಲಿ ಮುಳ್ಳು ಹಿಡಿಯಿತು, ಗಾಳದ ನೂಲು ಪಟ್ಟೆಂದು ಕಡಿದುಹೋಯಿತು. "ಇನ್ನೊಂದು!" ಎಂದರು. ಎರಡನೆಯದು ಬಿದ್ದು ಮುಳುಗುತ್ತಿದ್ದಂತೆ ನೀರು ಒಮ್ಮೆ ಬುಳಕ್ಕೆಂದು ಉಬ್ಬಿತು. ವಿರಾಲ್! ಬಾಯಲ್ಲಿ ಇಟ್ಟುಕೊಂಡಿದೆ, ಆ ಒಂದು ಗಳಿಗೆ ಕಾಯಬೇಕು. ಕಾಯಲಿಲ್ಲ. ಎಳೆದೆ. ಕೈಗೆ ಬಂದದ್ದು ಅರ್ಧ ಹುಳ, ಗೀರಿದ್ದಲ್ಲೇ ಹರಿದಿತ್ತು. ಹಿಂದಿನಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಮೂರನೆಯದನ್ನು ಗಾಳಕ್ಕೆ ಏರಿಸಿದೆ. ಕೋಲು ಎತ್ತಿದೆ. ಕೈ ಮುಂದೆ ಬರಲಿಲ್ಲ. ಅವರು ಕಲಸಿದ ಆ ಬಣ್ಣ ಭೂಮಿಯ ಮೇಲೆ ಇಷ್ಟೇ ಉಳಿದಿರುವುದು, ಬೆರಳುದ್ದ. ಎಸೆದರೆ ಹೋಗುತ್ತದೆ. ಮೀನು ಒಯ್ಯುತ್ತದೆ, ಇಲ್ಲ ಮುಳ್ಳು ಒಯ್ಯುತ್ತದೆ. ಜೇಬಿನಲ್ಲಿ ಅಂಗಡಿಯ ಹುಳ ಒಂದಿತ್ತು. ಬೆನ್ನು ತಿರುಗಿಸಿ ಬದಲಾಯಿಸಿದರೆ ಅಷ್ಟು ದೂರದಿಂದ ಅವರಿಗೇನು ಕಾಣುತ್ತದೆ? ಕೈ ಜೇಬಿಗೆ ಹೋಯಿತು.

"ಎರಿಡಾ!"

ಎಸೆಯೋ ಎಂದು ಏಕವಚನದಲ್ಲಿ, ಹನ್ನೊಂದು ವರ್ಷ ಸಾಮಿ, ಸಾಮಿ ಎನ್ನುತ್ತಿದ್ದವರು. ತೊದಲಿಲ್ಲ, ತಡವರಿಸಲಿಲ್ಲ. ಒಂದು ಕಾಲು ಆಟೋದಿಂದ ಹೊರಗಿಟ್ಟು, ಎಡಗೈಯಲ್ಲಿ ಕಂಬಿ ಹಿಡಿದು ಅರ್ಧ ಎದ್ದು ನಿಂತಿದ್ದರು. ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಎರಿಡಾ ಮುಟ್ಟಾಳ್! ಎಸಿಯೋ!"

ಎಸೆದೆ.